ಕೋಡಗ, ಮುಸುವ, ಗೋಲಾಂಗೂಲ: ಕರ್ನಾಟಕದ ಕಪಿಜಾತಿಗಳ ನಾಮರೂಪವಿಚಾರ

ಕಾವ್ಯಗಳಿಗೆ ಟೀಕೆ ಬರೆಯುವವರು ಪ್ರಾಣಿವಾಚಕ ಶಬ್ದಗಳ ಬಳಿಗೆ ಬಂದಾಗ ಬಹುಮಟ್ಟಿಗೆ ಒಂದೇ ಉಪಾಯವನ್ನು ಅನುಸರಿಸುತ್ತ ಬಂದಿರುವರು. ಪಕ್ಷಿಯಾದರೆ ‘ಒಂದು ಬಗೆಯ ಹಕ್ಕಿ’, ಗಿಡವಾದರೆ ‘ಒಂದು ಜಾತಿಯ ಮರ’, ಗೋಲಾಂಗೂಲವಾದರೆ ‘ಒಂದು ವಿಧವಾದ ಕೋತಿ’ ಎಂದು ಬರೆದು ಮುಂದಕ್ಕೆ ಸಾಗುವುದು ವಾಡಿಕೆ. ಹಕ್ಕಿ ಗಿಡಗಳ ವಿಷಯದಲ್ಲಿ ಈ ಸೋಮಾರಿತನವನ್ನು ಹೇಗಾದರೂ ಕ್ಷಮಿಸಬಹುದು. ಅವುಗಳಲ್ಲಿ ಹಲವು ಟೀಕಾಕಾರನ ಊರಿನಲ್ಲಿ ಇಲ್ಲದಿರುವುದೂ ಉಂಟು. ಕಪಿಗಳ ವಿಷಯ ಹಾಗಲ್ಲ. ಗೋಲಾಂಗೂಲವೂ ಮರ್ಕಟವೂ ಕನ್ನಡನಾಡಿನ ಗುಡಿಯ ಪೌಳಿಗಳ ಮೇಲೆ, ಊರ ಹುಣಿಸೆಯ ಮರಗಳಲ್ಲಿ, ಹಗಲು ಬೆಳಕಿನಲ್ಲಿ ಕುಳಿತಿರತಕ್ಕ ಪ್ರಾಣಿಗಳು. ಅವೆರಡೂ ಬೇರೆ ಬೇರೆ ಎಂಬುದು ಹೊಲ ಕಾಯುವವನಿಗೆ ತಿಳಿದಿದೆ. ನಿಘಂಟಿಗೆ ಮಾತ್ರ ಮರೆತುಹೋಗಿದೆ.

ವಿಜಯಪುರದ ರೈಲುನಿಲ್ದಾಣದಲ್ಲಿ ಇಳಿದು ಸ್ಟೇಷನ್ ರಸ್ತೆಯಲ್ಲಿ ಗೋಲಗುಮ್ಮಟದ ಕಡೆಗೆ ನಡೆಯುವ ಬಾಲಕನಿಗೆ ‘ಮಂಗ್ಯಾ’ ಎಂಬ ಒಂದೇ ಮಾತು ಸಾಕಾಗುತ್ತದೆ. ಕೆಂಪು ಮೋರೆಯದೂ ಮಂಗ್ಯಾ, ಕರಿಯ ಮೋರೆಯದೂ ಮಂಗ್ಯಾ, ಮಾತು ಕೇಳದ ತಮ್ಮನೂ ಮಂಗ್ಯಾ. ಆದರೆ ೧೯೯೭ರವರೆಗೆ ಇದೇ ಜಿಲ್ಲೆಗೆ ಸೇರಿದ್ದು, ಈಗ ಬಾಗಲಕೋಟೆಗೆ ಸೇರಿರುವ ಬಾದಾಮಿಯ ಕೆಂಪು ಬಂಡೆಗಳ ನಡುವೆ ಆತನನ್ನು ನಿಲ್ಲಿಸಿದರೆ, ಎರಡು ಬಗೆಯ ಕಪಿಗಳ ಭೇದವು ಯಾರೂ ಹೇಳದೆಯೇ ಕಣ್ಣಿಗೆ ಬೀಳುವುದು. ಒಂದು ಕಂದುಬಣ್ಣದ್ದು, ಗಿಡ್ಡ ಮೈಯದು, ನೆತ್ತಿಯ ಕೂದಲು ಟೊಪ್ಪಿಗೆಯಿಟ್ಟಂತೆ ಸುತ್ತಲೂ ಹರಡಿರುವಂಥದು. ಯಾತ್ರಿಕರ ಕೈಚೀಲಕ್ಕೆ ಕೈಹಾಕುವುದು ಇದೇ. ಇನ್ನೊಂದು ಬೂದಿಬಣ್ಣದ ಎತ್ತರದ ಪ್ರಾಣಿ. ಕೈಕಾಲುಗಳು ನೀಳವಾದವು, ಮೋರೆ ಮಸಿಯಂತೆ ಕಪ್ಪು, ಬಾಲವು ಮೈಗಿಂತಲೂ ಉದ್ದ. ಮೊದಲನೆಯದು ಮಂಗ, ಎರಡನೆಯದು ಮುಸುವ. ಇವೆರಡರ ಭೇದವು ಬರಿಯ ಬಣ್ಣದ ಭೇದವಲ್ಲವೆಂಬುದನ್ನೂ, ಹಳೆಯ ಶಬ್ದಗಳಲ್ಲಿ ಆ ಭೇದವು ಅಡಗಿರುವುದನ್ನೂ ಇಲ್ಲಿ ವಿಚಾರಿಸಲಾಗಿದೆ.

ಮೊದಲು ಸಂಸ್ಕೃತ ಶಬ್ದಗಳನ್ನು ನೋಡತಕ್ಕದ್ದು. ಅಮರಸಿಂಹನು ಸಿಂಹಾದಿವರ್ಗದಲ್ಲಿ ಕಪಿ, ಪ್ಲವಂಗ, ಪ್ಲವಗ, ಶಾಖಾಮೃಗ, ವಲೀಮುಖ, ಮರ್ಕಟ, ವಾನರ, ಕೀಶ, ವನೌಕಸ್ ಎಂಬ ಒಂಬತ್ತು ಶಬ್ದಗಳನ್ನು ಒಂದೆಡೆ ಕೂಡಿಸಿರುವನು. ಪಾಠಶಾಲೆಯಲ್ಲಿ ಇವನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದವರಿಗೆ ಇವೆಲ್ಲವೂ ಏಕಾರ್ಥಕಗಳೆಂಬ ಭಾವನೆ ಜನ್ಮಕ್ಕೆ ಅಂಟಿಕೊಳ್ಳುವುದು. ಆದರೆ ಗೋಲಾಂಗೂಲವು ಆ ಒಂಬತ್ತರಲ್ಲಿ ಇಲ್ಲವೆಂಬುದನ್ನು ಗಮನಿಸಬೇಕು. ಅಮರನು ಅದನ್ನು ಮರೆತನೆಂದು ಹೇಳುವುದಕ್ಕಿಂತ, ಕಪಿಯ ಪರ್ಯಾಯಗಳಲ್ಲಿ ಅದನ್ನು ಸೇರಿಸಲಿಲ್ಲವೆಂದು ಹೇಳುವುದು ಯುಕ್ತ. ಮೇಲಾಗಿ ಆ ಒಂಬತ್ತರೊಳಗೂ ಕೆಲವು ಶಬ್ದಗಳು ನಡೆಯನ್ನೂ ಮನೆಯನ್ನೂ ಹೇಳತಕ್ಕವು: ಹಾರಿ ಹೋಗುವುದು ಪ್ಲವಗ, ಕೊಂಬೆಯ ಮೃಗ ಶಾಖಾಮೃಗ, ಕಾಡೇ ಮನೆಯಾದುದು ವನೌಕಸ್. ಇವು ಯಾವ ಕಪಿಗೂ ಒಪ್ಪುವವು. ಕಪಿ ಎಂಬ ಶಬ್ದವು ಮಾತ್ರ ಬಣ್ಣದ ಸುಳಿವನ್ನು ಕೊಡುತ್ತದೆ. ಕಪಿಯ ಬಣ್ಣದ್ದು ಕಪಿಶ. ಕಪಿಶವೆಂದರೆ ಕೆಂಪು ಬೆರೆದ ಕಂದು. ಬೂದಿಯ ಬಣ್ಣಕ್ಕೆ ಕಪಿಶವೆಂಬ ಮಾತನ್ನು ಯಾರೂ ಹೇಳರು. ರಾಮಾಯಣದಲ್ಲಿ ಕಪಿಗಳಿಗೆ ಮತ್ತೆ ಮತ್ತೆ ಬರುವ ಹರಿ ಎಂಬ ಹೆಸರೂ ಪಿಂಗಲವರ್ಣವನ್ನೇ ಸೂಚಿಸುವುದು. ಆದಕಾರಣ ಕಪಿಯೆಂಬ ಹೆಸರು ಹುಟ್ಟಿದ್ದು ಕಂದುಬಣ್ಣದ ಮರ್ಕಟವನ್ನು ಕಂಡೇ ಹೊರತು ಬೂದುಬಣ್ಣದ ಗೋಲಾಂಗೂಲವನ್ನು ಕಂಡಲ್ಲವೆಂದು ಊಹಿಸಲು ಆಧಾರವಿದೆ.

ಗೋಲಾಂಗೂಲವೆಂದರೆ ಹಸುವಿನ ಬಾಲದಂಥ ಬಾಲವುಳ್ಳದ್ದು. ಲಾಂಗೂಲಶಬ್ದವೇ ಉತ್ತರದ ಭಾಷೆಗಳಲ್ಲಿ ಸವೆದು ಲಂಗೂರವಾಯಿತು. ಆ ಮಾತನ್ನೇ ಇಂಗ್ಲಿಷರು ಎತ್ತಿಕೊಂಡರು. ವಾಲ್ಮೀಕಿಯು ಬಾಲಕಾಂಡದಲ್ಲಿ ದೇವತೆಗಳ ಸಂತಾನವನ್ನು ಹೇಳುವಾಗ ಋಕ್ಷ, ವಾನರ, ಗೋಪುಚ್ಛ ಎಂದು ಮೂರು ಪಂಗಡಗಳನ್ನು ಬೇರೆಬೇರೆಯಾಗಿ ಎಣಿಸಿರುವನು. ಯುದ್ಧಕಾಂಡದಲ್ಲಿ ಗೋಲಾಂಗೂಲಗಳ ದಂಡಿಗೆ ಗವಾಕ್ಷನು ಒಡೆಯ. ಆ ದಂಡು ಕಪ್ಪು ಮೋರೆಯದೆಂದು ಕವಿಯು ಸ್ಪಷ್ಟವಾಗಿಯೇ ಹೇಳಿರುವನು. ಕಪ್ಪು ಮೋರೆ, ಹಸುವಿನ ಬಾಲ: ಬಾದಾಮಿಯ ಬಂಡೆಯ ಮೇಲಿನ ಮುಸುವನನ್ನು ಇದಕ್ಕಿಂತ ಕಡಿಮೆ ಮಾತುಗಳಲ್ಲಿ ಚಿತ್ರಿಸುವುದು ಕಷ್ಟ.

ಹೀಗಿರಲು ಒಂದು ವಿನೋದವು ಸಂಭವಿಸಿದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಈ ಕಪ್ಪು ಮೋರೆಯ ಪ್ರಾಣಿಗೇ ‘ಹನುಮಾನ್ ಲಂಗೂರ್’ ಎಂಬ ಹೆಸರು ನಿಂತಿದೆ. ಕನ್ನಡ ಪಾಠಪುಸ್ತಕಗಳೂ ಅದನ್ನು ಹಾಗೆಯೇ ಭಾಷಾಂತರಿಸುತ್ತವೆ. ಆದರೆ ಸುಂದರಕಾಂಡದ ಮೊದಲನೆಯ ಸರ್ಗದಲ್ಲಿ ಆಕಾಶದಲ್ಲಿ ಹಾರುವ ಹನುಮಂತನ ಮುಖವನ್ನೂ ಮೂಗನ್ನೂ ಕವಿಯು ತಾಮ್ರವರ್ಣವೆಂದು ಬಣ್ಣಿಸಿರುವನು. ಹನುಮಂತನು ವಾಲ್ಮೀಕಿಯಲ್ಲಿ ಕಪಿ, ಹರಿ, ವಾನರ, ಗೋಲಾಂಗೂಲನಲ್ಲ. ಲಂಕೆಯನ್ನು ಸುಟ್ಟಾಗ ಮೋರೆಯೂ ಕೈಗಳೂ ಕರಿದಾದವು, ಅದರಿಂದಲೇ ಆತನ ಕುಲದವು ಇಂದಿಗೂ ಕರಿಯ ಮೋರೆಯವು ಎಂಬ ಜನಪ್ರಿಯ ಕಥೆಯೊಂದುಂಟು. ಕಥೆಯು ಚೆಲುವಾಗಿದೆ. ಆದರೆ ಕೆಂಪು ಮೋರೆಯ ವೀರನನ್ನು ಕಪ್ಪು ಮೋರೆಯ ಪ್ರಾಣಿಯೊಡನೆ ಹೊಂದಿಸಬೇಕಾದ ತೊಂದರೆಯನ್ನು ಜನರೂ ಅರಿತಿದ್ದರೆಂಬುದಕ್ಕೆ ಆ ಕಥೆಯೇ ಸಾಕ್ಷಿ.

ಕನ್ನಡದ ಶಬ್ದಗಳು ಇನ್ನೂ ಖಚಿತವಾದವು. ಹಳಗನ್ನಡಕ್ಕೆ ಪರಿಚಿತವಾದ ಕೋಡಗ, ಬಳಕೆಯ ಮಂಗ, ತೆಲುಗಿನೊಡನೆ ಹಂಚಿಕೊಂಡ ಕೋತಿ ಇವು ಸಾಮಾನ್ಯವಾಚಕಗಳು. ಅವುಗಳಲ್ಲಿ ಕೋಡಗವು ಇಂದು ಶಿಶುನಾಳ ಷರೀಫರ ಪದದಿಂದಾಗಿ ಮಾತ್ರ ಮಕ್ಕಳ ಬಾಯಲ್ಲಿ ಉಳಿದಿದೆಯೆಂದರೂ ನಡೆಯುವುದು. ಮುಸುವ ಎಂಬುದು ಮಾತ್ರ ವಿಶೇಷವಾಚಕ. ಕಿಟ್ಟೆಲ್ ಅವರ ೧೮೯೪ರ ನಿಘಂಟಿನಲ್ಲಿ ಮುಸು, ಮುಸುವ ಎಂಬ ರೂಪಗಳಿವೆ. ತಮಿಳಿನಲ್ಲಿ ಮುಸು, ತೆಲುಗಿನಲ್ಲಿ ಕೊಂಡಮುಚ್ಚು, ತುಳುವಿನಲ್ಲಿ ಮುಜ್ಜು; ಎಲ್ಲೆಡೆಯೂ ಅರ್ಥವು ಕಪ್ಪು ಮೋರೆಯ ದೊಡ್ಡ ಕಪಿಯೆಂದೇ. ಮುಸುಡು ಕಪ್ಪಾದುದರಿಂದ ಮುಸುವವೆನ್ನಲು ಪಂಡಿತರಿಗೆ ಮನಸ್ಸಾದೀತು. ಆದರೆ ಇಷ್ಟು ಸೋದರಭಾಷೆಗಳು ಒಂದೇ ಮೂಲವನ್ನು ಹಂಚಿಕೊಂಡಿರುವಾಗ ಕನ್ನಡದೊಳಗೇ ವ್ಯುತ್ಪತ್ತಿಯನ್ನು ಹುಡುಕುವುದು ಸರಿಯಲ್ಲ. ತೊಲ್ಕಾಪ್ಪಿಯದ ಮರಬಿಯಲಿನಲ್ಲಿ ಹೆಣ್ಣು ಪ್ರಾಣಿಗಳ ಹೆಸರನ್ನು ವಿಧಿಸುವಾಗ ಕುರಂಗು, ಮುಸು, ಊಕ ಎಂಬ ಮೂರನ್ನು ಬೇರೆಬೇರೆಯಾಗಿ ಹೇಳಿ ಮೂರರ ಹೆಣ್ಣಿಗೂ ಮಂದಿ ಎಂಬ ಒಂದೇ ಹೆಸರನ್ನು ಕೊಟ್ಟಿದೆ. ವ್ಯಾಕರಣಕಾರನು ಕಾಡಿನಲ್ಲಿ ಕಣ್ಣು ತೆರೆದೇ ನಡೆದಿದ್ದನು. ವಿಜಯಪುರದ ನೆರೆಯ ಸೊಲ್ಲಾಪುರ ಸೀಮೆಯ ಮರಾಠಿಯಲ್ಲಿಯೂ ಇದೇ ಭೇದವು ಬೇರೊಂದು ದಾರಿಯಿಂದ ಬಂದಿದೆ: ಮರ್ಕಟದಿಂದ ಬಂದ ‘ಮಾಕಡ’ವು ಕೆಂಪು ಮೋರೆಯದಕ್ಕೆ, ‘ವಾನರ’ವು ಕಪ್ಪು ಮೋರೆಯದಕ್ಕೆ. ಸಂಸ್ಕೃತದಲ್ಲಿ ಪರ್ಯಾಯಗಳಾಗಿದ್ದ ಎರಡು ಶಬ್ದಗಳು ಹಳ್ಳಿಯ ಬಾಯಲ್ಲಿ ಎರಡು ಪ್ರಾಣಿಗಳನ್ನು ಹಂಚಿಕೊಂಡಿವೆ. ಕನ್ನಡದಲ್ಲಿ ವಾನರವೆಂದರೆ ರಾಮಾಯಣದ ಸೇನೆ. ಗಡಿಯನ್ನು ದಾಟಿದರೆ ಅದು ಹೊಲವನ್ನು ತಿನ್ನುವ ಲಂಗೂರ.

ಇನ್ನು ಪ್ರಾಣಿಶಾಸ್ತ್ರದ ವಿಚಾರ. ಸ್ವೀಡನ್ ದೇಶದ ಲಿನೀಯಸನು ೧೭೫೮ರಲ್ಲಿ ಮನುಷ್ಯ, ಕಪಿ, ಲೀಮರ್, ಬಾವಲಿ ಇವು ನಾಲ್ಕನ್ನೂ ಒಂದು ಗಣದಲ್ಲಿ ಕೂಡಿಸಿ ಅದಕ್ಕೆ ‘ಪ್ರೈಮೇಟ್’ ಎಂದು ಹೆಸರಿಟ್ಟನು; ಮೊದಲನೆಯ ದರ್ಜೆಯವು ಎಂದು ಅದರ ಅರ್ಥ. ಬಾವಲಿಯನ್ನು ಮುಂದೆ ಹೊರಗೆ ಹಾಕಿದರು. ಮನುಷ್ಯನು ಒಳಗೇ ಉಳಿದನು. ಈಗ ಈ ಗಣದಲ್ಲಿ ೫೦೦ಕ್ಕೂ ಹೆಚ್ಚು ಪ್ರಭೇದಗಳನ್ನು ಎಣಿಸುವರು. ಅವನ್ನು ಮೊದಲು ಮೂಗಿನ ಮೇಲೆ ವಿಭಾಗಿಸುವುದು ವಾಡಿಕೆ: ನಾಯಿಯಂತೆ ಒದ್ದೆಯಾದ ಮೂಗಿನವು ಒಂದು ಪಂಗಡ, ಒಣಮೂಗಿನವು ಇನ್ನೊಂದು. ಕರ್ನಾಟಕದಲ್ಲಿ ಒದ್ದೆಮೂಗಿನ ಪಂಗಡಕ್ಕೆ ಸೇರಿದ್ದು ಒಂದೇ. ತುಮಕೂರು ಮೊದಲಾದ ಕಡೆಗಳ ಕುರುಚಲು ಕಾಡುಗಳಲ್ಲಿಯೂ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಮರಗಳಲ್ಲಿಯೂ ಇರತಕ್ಕ ಕಾಡುಪಾಪ. ಅಂಗೈಯಲ್ಲಿ ಹಿಡಿಯಬಹುದಾದ ಮೈ, ಬಾಲವಿಲ್ಲ, ಕಡ್ಡಿಯಂಥ ಕೈಕಾಲು, ಮೋರೆಯ ತುಂಬ ಕಣ್ಣು. ಇರುಳಿನಲ್ಲಿ ಮೆಲ್ಲನೆ ನಡೆದು ಹುಳುಗಳನ್ನು ಹಿಡಿದು ತಿನ್ನುವುದು. ಅದರ ಕಣ್ಣಿನ ಒಳಪದರವು ಬೆಳಕನ್ನು ಮರಳಿ ಹೊಳೆಯಿಸುವುದರಿಂದ ಕತ್ತಲೆಯಲ್ಲಿ ದೀಪ ಹಿಡಿದವರಿಗೆ ಎರಡು ಕೆಂಡಗಳು ಕಂಡಂತಾಗುವುದು. ಈ ಬಡಪ್ರಾಣಿಯ ಕಣ್ಣು ಮದ್ದಿಗೆ, ಮಾಟಕ್ಕೆ ಆಗುವುದೆಂಬ ಮೂಢನಂಬಿಕೆಯಿಂದ ಅದಕ್ಕೆ ಒದಗಿದ ಹಾನಿಯು ಅಷ್ಟಿಷ್ಟಲ್ಲ. ಪಾಪವೆಂದರೆ ಕನ್ನಡದಲ್ಲಿ ಕೂಸೂ ಹೌದು, ಹೆಸರಿಟ್ಟವನಿಗೆ ಕರುಣೆಯಿತ್ತು.

ಒಣಮೂಗಿನ ಪಂಗಡದಲ್ಲಿ ಹಳೆಯ ಜಗತ್ತಿನ ಕಪಿಗಳದು ಒಂದು ಕುಟುಂಬ. ಆ ಕುಟುಂಬವು ಎರಡು ಶಾಖೆಗಳಾಗಿ ಒಡೆಯುವುದು. ಮಂಗವೂ ಮುಸುವವೂ ಕವಲೊಡೆಯುವುದು ಇಲ್ಲಿಯೇ, ಭೇದವು ಹೊಟ್ಟೆಯಲ್ಲಿದೆ.

ಮಂಗದ ಶಾಖೆಯವುಗಳಿಗೆ ಕೆನ್ನೆಯ ಒಳಗೆ ಚೀಲಗಳುಂಟು. ದೇವಸ್ಥಾನದಲ್ಲಿ ಕಡಲೆಯನ್ನೋ ಬಾಳೆಹಣ್ಣನ್ನೋ ಕಸಿದ ಮಂಗವು ಅಲ್ಲಿಯೇ ಅಗಿಯುತ್ತ ಕೂಡದೆ, ಗಬಗಬನೆ ಬಾಯಿಗೆ ತುಂಬಿಕೊಂಡು, ಗಲ್ಲಗಳು ಉಬ್ಬಿ, ದೂರದ ಗೋಡೆಯನ್ನೇರಿ, ಅನಂತರ ಬೆರಳಿನಿಂದ ಕೆನ್ನೆಯನ್ನು ಒತ್ತಿ ಒಂದೊಂದಾಗಿ ಹೊರಗೆ ತಂದು ತಿನ್ನುವುದನ್ನು ಎಲ್ಲರೂ ಕಂಡಿರುವರು. ಕದಿಯುವ ಜೀವನಕ್ಕೆ ತಕ್ಕ ಅಂಗ. ಮುಸುವಕ್ಕೆ ಈ ಚೀಲವಿಲ್ಲ. ಅದಕ್ಕೆ ಬದಲಾಗಿ ಅದರ ಜಠರವು ಹಲವು ಕೋಣೆಗಳಾಗಿ ದೊಡ್ಡದಾಗಿದೆ. ಎಲೆಯು ಅದರ ಮುಖ್ಯ ಆಹಾರ. ಎಲೆಯ ನಾರನ್ನು ಕರಗಿಸುವ ಶಕ್ತಿಯು ಸಸ್ತನಿಗಳಿಗೆ ಸ್ವತಃ ಇಲ್ಲ. ಹಸುವು ತನ್ನ ಮೊದಲ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳನ್ನು ಸಾಕಿ ಅವುಗಳಿಂದ ಎಲೆಯನ್ನು ಹುಳಿಯಿಸಿ ಕೊಳ್ಳುವಂತೆಯೇ ಮುಸುವವೂ ಮಾಡುವುದು. ಮೆಲುಕು ಹಾಕುವ ಕ್ರಮವಿಲ್ಲದಿದ್ದರೂ ಅಡುಗೆಯ ವಿಧಾನವು ಹಸುವಿನದೇ.

ಈ ಸಾದೃಶ್ಯವು ಹೊರನೋಟದ್ದಲ್ಲವೆಂಬುದು ೧೯೮೭ರಲ್ಲಿ ಪ್ರಕಟವಾಯಿತು. ಸ್ಟೂಅರ್ಟ್, ಷಿಲ್ಲಿಂಗ್, ವಿಲ್ಸನ್ ಎಂಬ ಮೂವರು ಸಂಶೋಧಕರು ಲಂಗೂರದ ಜಠರದಲ್ಲಿರುವ ಲೈಸೊಜೈಮ್ ಎಂಬ ಪಾಚಕವಸ್ತುವನ್ನು ಹಸುವಿನದರೊಡನೆ ಹೋಲಿಸಿ ನೋಡಿದರು. ಕಣ್ಣೀರಿನಲ್ಲಿಯೂ ಜೊಲ್ಲಿನಲ್ಲಿಯೂ ಇದ್ದು ಸೂಕ್ಷ್ಮಜೀವಿಗಳ ಹೊರಕವಚವನ್ನು ಒಡೆಯುವ ಈ ವಸ್ತುವು, ಹಸುವಿನಲ್ಲಿಯೂ ಲಂಗೂರದಲ್ಲಿಯೂ ಹೊಟ್ಟೆಯ ಹುಳಿಯಲ್ಲಿ ಕೆಲಸ ಮಾಡುವಂತೆ ಮಾರ್ಪಟ್ಟಿದೆ. ತಾನು ಸಾಕಿದ ಸೂಕ್ಷ್ಮಜೀವಿಗಳನ್ನೇ ಕೊನೆಗೆ ಜೀರ್ಣಿಸಿಕೊಳ್ಳುವುದು ಅದರ ಉದ್ದೇಶ. ಆ ಮಾರ್ಪಾಟುಗಳಲ್ಲಿ ಹಲವು ಎರಡು ಪ್ರಾಣಿಗಳಲ್ಲಿಯೂ ಅಣುವಿನ ಅದೇ ಸ್ಥಾನಗಳಲ್ಲಿ ಅದೇ ರೀತಿ ಆಗಿರುವುದು ಕಂಡುಬಂದಿತು. ಬಂಧುತ್ವದಿಂದ ಬಂದ ಹೋಲಿಕೆಯಲ್ಲ ಇದು. ಒಂದೇ ವೃತ್ತಿಯನ್ನು ಹಿಡಿದುದರಿಂದ ಪ್ರತ್ಯೇಕವಾಗಿ ಎರಡು ಸಲ ಹುಟ್ಟಿದ ಹೋಲಿಕೆ. ಬಾಲವನ್ನು ಕಂಡು ಗೋಲಾಂಗೂಲವೆಂದು ಕರೆದ ಪ್ರಾಚೀನನಿಗೆ ಹೊಟ್ಟೆಯ ವಿಚಾರ ತಿಳಿದಿರಲಿಲ್ಲ. ಇದನ್ನು ಋಷಿಗಳ ಅಣುವಿಜ್ಞಾನವೆಂದು ಹೇಳಹೊರಡುವುದು ಹಾಸ್ಯಾಸ್ಪದ. ಆದರೂ ಹೆಸರು ತಾನಾಗಿಯೇ ಇಷ್ಟು ಸಾರ್ಥಕವಾದುದು ಅಪೂರ್ವ.

ಪಾಶ್ಚಾತ್ಯರು ಇಟ್ಟ ಹೆಸರುಗಳ ಕಥೆಯೂ ಸಾಹಿತ್ಯದ ಅಧ್ಯಾಪಕರಿಗೆ ರುಚಿಸತಕ್ಕದ್ದು. ೧೭೯೭ರಲ್ಲಿ ಡುಫ್ರೆನ್ ಎಂಬ ಫ್ರೆಂಚನು ಬಂಗಾಳದ ಲಂಗೂರಕ್ಕೆ ‘ಎಂಟೆಲ್ಲಸ್’ ಎಂದು ಹೆಸರಿಟ್ಟನು. ವರ್ಜಿಲನ ಮಹಾಕಾವ್ಯದ ಐದನೆಯ ಸರ್ಗದಲ್ಲಿ ಮುಷ್ಟಿಯುದ್ಧಕ್ಕೆ ನಿಲ್ಲುವ ಮುದಿ ಜಟ್ಟಿಯ ಹೆಸರು ಅದು. ಈ ಚಾಳಿ ಮುಂದುವರಿಯಿತು. ದಕ್ಷಿಣದ ಲಂಗೂರವು ಪ್ರಯಾಮನಾಯಿತು, ಹಿಮಾಲಯದವು ಹೆಕ್ಟರನೂ ಅಜಾಕ್ಸನೂ ಆದವು. ೧೯೨೮ರಲ್ಲಿ ಪೊಕಾಕ್ ಎಂಬ ವಿದ್ವಾಂಸನು ಪಶ್ಚಿಮ ಮತ್ತು ದಕ್ಷಿಣ ಭಾರತದ ಲಂಗೂರಗಳನ್ನು ವಿಭಾಗಿಸಿ ಈನಿಯಸ್, ಆತನ ಗೆಳೆಯ ಅಕೇಟೀಸ್, ಮಗ ಯೂಲಸ್ ಎಂದು ವರ್ಜಿಲನ ಕಾವ್ಯವನ್ನೇ ಮರಗಳ ಮೇಲೆ ಹಂಚಿದನು. ಉತ್ತರದ ಕೆಂಪು ಮಂಗಕ್ಕೆ ಬಂದ ‘ರೀಸಸ್’ ಎಂಬುದೂ ಇಲಿಯಡ್ ಕಾವ್ಯದ ಥ್ರೇಸ್ ದೇಶದ ಅರಸನ ಹೆಸರು; ಮನುಷ್ಯರಕ್ತದ ಆರ್‌ಎಚ್ ಗುಣವು ಅದೇ ಹೆಸರನ್ನು ಹೊತ್ತಿದೆ. ರಾಮಾಯಣದ ಸೇನೆಯನ್ನು ಟ್ರಾಯ್ ಪಟ್ಟಣದ ಯುದ್ಧಕ್ಕೆ ಕಳುಹಿಸಿದ ಈ ಪಂಡಿತರ ಉತ್ಸಾಹವು ಅರ್ಥವಾಗತಕ್ಕದ್ದೇ. ಅವರವರ ಮಹಾಕಾವ್ಯ ಅವರವರಿಗೆ.

ಹೆಸರುಗಳು ಹೆಚ್ಚಿದಂತೆ ಗೊಂದಲವೂ ಹೆಚ್ಚಿತು. ಬಹುಕಾಲ ಎಲ್ಲ ಬೂದುಲಂಗೂರಗಳನ್ನೂ ಒಂದೇ ಪ್ರಭೇದವೆಂದು ಎಣಿಸಿ, ಮತ್ತೆ ಏಳೆಂಟಾಗಿ ಒಡೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರವೀಣ ಕಾರಂತ ಅವರೂ ಅವರ ಸಹಚರರೂ ದೇಹಲಕ್ಷಣ, ವಂಶವಾಹಿ, ನೆಲೆಗಳ ಹವಾಮಾನ ಇವನ್ನು ಒಟ್ಟಿಗೆ ತೂಗಿ ದಕ್ಷಿಣದ ಲಂಗೂರಗಳನ್ನು ವಿಂಗಡಿಸಿದ ಮೇಲೆ ಚಿತ್ರವು ತಿಳಿಯಾಗುತ್ತ ಬಂದಿದೆ. ಒಣಸೀಮೆಯ ಬಯಲಿಗೆ ಎಂಟೆಲ್ಲಸ್, ಪಶ್ಚಿಮಘಟ್ಟದ ಮಳೆಕಾಡಿಗೆ ಕರಿಗಾಲಿನ ಹೈಪೊಲ್ಯೂಕಸ್, ಆಗ್ನೇಯಕ್ಕೆ ಪ್ರಯಾಮ. ಕೊಡಗಿನ ದಕ್ಷಿಣದ ಅಂಚಿನಲ್ಲಿ ಮೈಯೆಲ್ಲ ಕಪ್ಪಾದ ನೀಲಗಿರಿಯ ಲಂಗೂರವೂ ಉಂಟು. ರೂನ್‌ವಾಲ್ ಎಂಬ ಪ್ರಾಣಿಶಾಸ್ತ್ರಜ್ಞರು ಬಾಲವನ್ನು ಹಿಡಿಯುವ ಠೀವಿಯಲ್ಲಿಯೇ ಒಂದು ಲಕ್ಷಣವನ್ನು ಗುರುತಿಸಿದ್ದರು: ಸ್ಥೂಲವಾಗಿ ಹೇಳುವುದಾದರೆ ಉತ್ತರದವು ನಡೆಯುವಾಗ ಬಾಲವನ್ನು ಬೆನ್ನ ಮೇಲೆ ತಲೆಯ ಕಡೆಗೆ ಬಾಗಿಸುವವು, ದಕ್ಷಿಣದವು ಹಿಂದಕ್ಕೆ ಇಳಿಯಬಿಡುವವು. ಇಲ್ಲಿಯೂ ವಿಚಾರವು ಲಾಂಗೂಲಕ್ಕೇ ಬಂದು ನಿಂತಿತು.

ಜಾತಿಯಿಂದ ನಡತೆಗೆ ಬರುವಾಗ ಧಾರವಾಡದ ಹೆಸರನ್ನು ಹೇಳದೆ ವಿಧಿಯಿಲ್ಲ. ಜಗತ್ತಿನ ಕಪಿಶಾಸ್ತ್ರದಲ್ಲಿ ಅರ್ಧಶತಮಾನಕ್ಕೂ ಮಿಕ್ಕಿ ನಡೆದ ಒಂದು ದೊಡ್ಡ ವಾದಕ್ಕೆ ಮೂಲವಾದುದು ಆ ಊರಿನ ಹತ್ತಿರದ ಕಾಡು. ಆದರೂ ಕನ್ನಡ ಪುಸ್ತಕಗಳಲ್ಲಿ ಈ ಸಂಗತಿಯು ವಿರಳವಾಗಿ ಕಾಣುವುದು. ೧೯೬೧ರಿಂದ ೧೯೬೩ರವರೆಗೆ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಯುಕಿಮಾರು ಸುಗಿಯಾಮಾ ಅವರು ಜಪಾನ್ ಮತ್ತು ಭಾರತದ ಸಂಶೋಧಕರ ಜಂಟಿ ಯೋಜನೆಯಲ್ಲಿ ಅಲ್ಲಿಯ ಲಂಗೂರಗಳನ್ನು ಅಭ್ಯಸಿಸಿದರು. ಅದಕ್ಕೆ ಸ್ವಲ್ಪ ಮುಂಚೆ ಫಿಲಿಸ್ ಜೇ ಎಂಬ ಅಮೆರಿಕದ ವಿದುಷಿಯು ಉತ್ತರ ಮತ್ತು ಮಧ್ಯ ಭಾರತದ ಲಂಗೂರಗಳನ್ನು ನೋಡಿ, ಅವು ಶಾಂತಸ್ವಭಾವದವು, ಅವುಗಳಲ್ಲಿ ಜಗಳವು ಅಪರೂಪವೆಂದು ವರ್ಣಿಸಿದ್ದರು. ಧಾರವಾಡದಲ್ಲಿ ಕಂಡದ್ದು ಬೇರೆ.

ಅಲ್ಲಿಯ ಹೆಚ್ಚಿನ ಹಿಂಡುಗಳಲ್ಲಿ ಪ್ರೌಢ ಗಂಡು ಒಂದೇ. ಹೆಣ್ಣುಗಳು ಹುಟ್ಟಿದ ಹಿಂಡಿನಲ್ಲಿಯೇ ಬಾಳಿ ಅಲ್ಲಿಯೇ ಮುಗಿಯುವವು. ಗಂಡುಮರಿಗಳು ಬೆಳೆದಂತೆ ಹೊರಬೀಳುವವು. ಹೊರಬಿದ್ದವು ತಮ್ಮಲ್ಲಿಯೇ ಗುಂಪುಗಟ್ಟಿ ಅಲೆಯುತ್ತ ಸಮಯ ಕಾಯುವವು. ೧೯೬೨ರಲ್ಲಿ ಇಂಥದೊಂದು ಗಂಡುಗಳ ಗುಂಪು ಹಿಂಡೊಂದರ ಮೇಲೆ ಬಿದ್ದು ಅದರ ಒಡೆಯನನ್ನು ಓಡಿಸಿತು. ಅನಂತರ ಗೆದ್ದವರಲ್ಲಿಯೇ ಒಂದು ಉಳಿದವನ್ನೆಲ್ಲ ಹೊರದೂಡಿ ತಾನೊಂದೇ ಹಿಂಡಿನ ಒಡೆಯನಾಗಿ ನಿಂತಿತು. ಮುಂದಿನ ವಾರಗಳಲ್ಲಿ ಆ ಹಿಂಡಿನ ಮೊಲೆಯುಣ್ಣುವ ಮರಿಗಳು ಒಂದೊಂದಾಗಿ ಕಚ್ಚಿಸಿಕೊಂಡು ಸತ್ತವು, ಇಲ್ಲವೆ ಕಾಣೆಯಾದವು. ಮರಿ ಕಳೆದುಕೊಂಡ ತಾಯಂದಿರು ಬೇಗನೆ ಮತ್ತೆ ಬೆದೆಗೆ ಬಂದು ಹೊಸ ಒಡೆಯನೊಡನೆ ಕೂಡಿದವು. ಇದು ಆಕಸ್ಮಿಕವೋ ಎಂದು ನೋಡಲು ಸುಗಿಯಾಮಾ ಅವರು ಇನ್ನೊಂದು ಹಿಂಡಿನ ಏಕೈಕ ಗಂಡನ್ನು ಹಿಡಿದು ಬೇರ್ಪಡಿಸಿದರು. ನೆರೆಯ ಗಂಡು ಬಂದು ಸೇರಿತು. ಅಲ್ಲಿಯ ಮರಿಗಳಿಗೂ ಅದೇ ಗತಿಯಾಯಿತು. ೧೯೬೫ರಲ್ಲಿ ಈ ವೃತ್ತಾಂತವು ಅಚ್ಚಾಯಿತು.

ಮೊದಲು ಇದನ್ನು ನಂಬಲು ಜನರಿಗೆ ಮನಸ್ಸಾಗಲಿಲ್ಲ. ಪ್ರಾಣಿಯು ತನ್ನ ಜಾತಿಯ ಹಿತಕ್ಕಾಗಿ ನಡೆಯುವುದೆಂಬ ತತ್ತ್ವವು ಆಗ ಬಲವಾಗಿತ್ತು. ಜಾತಿಯ ಮರಿಗಳನ್ನು ಜಾತಿಯವನೇ ಕೊಲ್ಲುವುದು ಅದಕ್ಕೆ ಹೊಂದದು. ಧಾರವಾಡದ 
ಕಾಡಿನಲ್ಲಿ ಲಂಗೂರಗಳು ದಟ್ಟವಾಗಿದ್ದುದರಿಂದ ಇಕ್ಕಟ್ಟಿನಲ್ಲಿ ಹುಟ್ಟಿದ ರೋಗವಿದು ಎಂದು ಕೆಲವರು ಸಮಾಧಾನ ಹೇಳಿದರು. ೧೯೭೧ರಿಂದ ರಾಜಸ್ಥಾನದ ಅಬು ಪರ್ವತದಲ್ಲಿ ಅಭ್ಯಾಸಕ್ಕೆ ತೊಡಗಿದ ಸಾರಾ ಹ್ರ್ಡಿ ಎಂಬ ವಿದುಷಿಯು ಬೇರೆ ಸಮಾಧಾನವನ್ನು ಕೊಟ್ಟರು. ಗಂಡಿನ ಒಡೆತನವು ಕೆಲವೇ ವರ್ಷಗಳದು. ಹಾಲೂಡುವ ಹೆಣ್ಣು ಬೆದೆಗೆ ಬಾರದು. ಹಿಂದಿನವನ ಮರಿ ಬೆಳೆಯುವವರೆಗೆ ಕಾದರೆ ಹೊಸಬನ ಕಾಲವೇ ಮುಗಿದೀತು. ಆದಕಾರಣ ಪರನ ಮರಿಯನ್ನು ಕೊಲ್ಲುವ ಗಂಡಿಗೆ ಸಂತಾನವು ಹೆಚ್ಚು. ಆ ನಡತೆಯು ವಂಶದಲ್ಲಿ ಉಳಿಯುವುದು. ಹೆಣ್ಣುಗಳೂ ಸುಮ್ಮನೆ ಕುಳಿತಿಲ್ಲವೆಂದು ಆಕೆ ತೋರಿಸಿದರು. ಮುದಿ ಹೆಣ್ಣುಗಳು ತಮ್ಮದಲ್ಲದ ಮರಿಗಾಗಿ ಗಂಡಿನ ಮೇಲೆ ಬೀಳುವವು. ಹಲವು ಗಂಡುಗಳೊಡನೆ ಕೂಡಿ ಪಿತೃತ್ವವನ್ನೇ ಸಂದಿಗ್ಧಗೊಳಿಸುವುದೂ ಒಂದು ರಕ್ಷಣೆಯೇ.

ವಾದವು ದೀರ್ಘವಾಗಿ ನಡೆಯಿತು. ಕಣ್ಣಾರೆ ಕಂಡ ಕೊಲೆಗಳು ಕಡಿಮೆ, ಊಹಿಸಿದವು ಹೆಚ್ಚು ಎಂಬ ಆಕ್ಷೇಪಣೆಯು ನ್ಯಾಯವಾದುದೇ ಆಗಿತ್ತು. ೧೯೯೯ರಲ್ಲಿ ಬೋರಿಸ್ ಮತ್ತು ಸಂಗಡಿಗರು ನೇಪಾಳದ ರಾಮನಗರದ ಲಂಗೂರಗಳ ವಂಶವಾಹಿಯನ್ನು ಪರೀಕ್ಷಿಸಿ, ಮರಿಯ ಮೇಲೆ ಬಿದ್ದ ಗಂಡುಗಳು ಆ ಮರಿಯ ತಂದೆಯಾಗಿರಲಿಲ್ಲವೆಂದು ತೋರಿಸಿದರು. ಸಿಂಹ ಮೊದಲಾದ ಇತರ ಪ್ರಾಣಿಗಳಲ್ಲಿಯೂ ಇಂಥ ನಡತೆ ಕಂಡುಬಂದಿರುವುದರಿಂದ ಇಂದು ಹೆಚ್ಚಿನ ವಿದ್ವಾಂಸರು ಎರಡನೆಯ ಸಮಾಧಾನವನ್ನೇ ಒಪ್ಪುವರು.

ಇದನ್ನು ಓದಿದ ಸಾಹಿತ್ಯಾಭ್ಯಾಸಿಗೆ ಕಿಷ್ಕಿಂಧೆಯ ನೆನಪಾಗದಿರದು. ಒಬ್ಬ ಒಡೆಯ, ಹಲವು ಸ್ತ್ರೀಯರು; ಹೊರದೂಡಲ್ಪಟ್ಟ ತಮ್ಮನು ನಾಲ್ಕಾರು ಗಂಡಸರೊಡನೆ ಋಷ್ಯಮೂಕದಲ್ಲಿ ಕಾದಿರುವುದು; ಬಳಿಕ ಯುದ್ಧ, ವಾಲಿಯ ಪತನ, ತಾರೆಯು ಸುಗ್ರೀವನ ವಶವಾಗುವುದು. ಹಂಪೆ ಆನೆಗೊಂದಿಗಳ ಬೆಟ್ಟಗಳಲ್ಲಿ ಇಂದಿಗೂ ಕಪಿಗಳನ್ನು ಕಾಣುವವರು, ವಾಲ್ಮೀಕಿಯು ಪ್ರಾಣಿಗಳ ನಡತೆಯನ್ನು ನೋಡಿಯೇ ಈ ಕಥೆಯನ್ನು ಹೆಣೆದನೆಂದು ಹೇಳಬಯಸಿದರೆ ಆಶ್ಚರ್ಯವಿಲ್ಲ. ಆದರೆ ಅಂಗದನನ್ನು ಮರೆಯಬಾರದು. ಗೆದ್ದ ಸುಗ್ರೀವನು ಸತ್ತ ಅಣ್ಣನ ಮಗನನ್ನು ಕೊಲ್ಲಲಿಲ್ಲ; ಯುವರಾಜಪಟ್ಟವನ್ನು ಕಟ್ಟಿದನು. ಧಾರವಾಡದ ಕಾಡಿನ ನಿಯಮವು ಮುರಿದುಬೀಳುವುದು ಸರಿಯಾಗಿ ಇಲ್ಲಿಯೇ. ಕವಿಯು ಹಿಂಡಿನ ಹೊರರೂಪವನ್ನು ಕಪಿಗಳಿಂದ ಪಡೆದಿರಬಹುದು. ಒಳಗಿನ ಧರ್ಮಸಂಕಟವು ಮನುಷ್ಯರದು. ವಿಜಯಪುರದಲ್ಲಿ ಮಲ್ಲಿನಾಥ ಜಿನಾಲಯವನ್ನು ಕಟ್ಟಿಸಿದನೆಂದು ಪ್ರಸಿದ್ಧನಾದ ನಾಗಚಂದ್ರನು ತನ್ನ ರಾಮಚಂದ್ರಚರಿತಪುರಾಣದಲ್ಲಿ ಜೈನಸಂಪ್ರದಾಯವನ್ನು ಅನುಸರಿಸಿ, ಇವರು ಕಪಿಗಳೇ ಅಲ್ಲ, ಧ್ವಜದಲ್ಲಿ ಕಪಿಯ ಚಿಹ್ನೆಯುಳ್ಳ ವಿದ್ಯಾಧರರು ಎಂದುದಕ್ಕೆ ಅಂಗದನ ಪ್ರಸಂಗವೊಂದೇ ಸಾಕಾಗುವಷ್ಟು ಬಲವಾದ ಸಮರ್ಥನೆ.

ಮಂಗದ ಸಮಾಜವು ಮುಸುವದಂತಲ್ಲ. ಅಲ್ಲಿ ಒಂದು ಹಿಂಡಿನಲ್ಲಿ ಹಲವು ಗಂಡುಗಳು ಬಹುಮಟ್ಟಿಗೆ ಹೊಂದಿಕೊಂಡು ಬಾಳುವವು. ಹೆಣ್ಣುಗಳ ಅಂತಸ್ತು ತಾಯಿಯಿಂದ ಮಗಳಿಗೆ ಬರುವುದು. ಅಳಿಯಸಂತಾನದ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಂಡೀಪುರದ ಮಂಗಗಳು ದಾರಿಹೋಕರ ಕಡೆಗೆ ಕೈಚಾಚಿ ಮೆಲ್ಲನೆ ದನಿ ಮಾಡಿ ತಿಂಡಿಯನ್ನು ಬೇಡುವುದನ್ನೂ, ಎದುರಿನವರು ನೋಡುತ್ತಿರುವರೋ ಇಲ್ಲವೋ ಎಂದು ಗಮನಿಸುವುದನ್ನೂ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು ೨೦೧೮ರಲ್ಲಿ ವರ್ಣಿಸಿದರು. ಪಶ್ಚಿಮಘಟ್ಟದ ಸಿಂಗಳೀಕವು ಇದೇ ಜಾತಿಯ ಬಂಧು. ಕರಿಯ ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ತುದಿಯಲ್ಲಿ ಕುಚ್ಚುಳ್ಳ ಬಾಲ. ಮಳೆಕಾಡಿನ ಎತ್ತರದ ಮರಗಳನ್ನು ಬಿಟ್ಟು ನೆಲಕ್ಕೆ ಇಳಿಯಲು ಇಷ್ಟಪಡದಂಥದು. ಪ್ರೌಢವಾದವು ಜಗತ್ತಿನಲ್ಲಿ ೨,೫೦೦ಕ್ಕಿಂತ ಕಡಿಮೆಯೆಂದು ಅಂದಾಜು. ಅದಕ್ಕಾಗಿ ಉತ್ತರಕನ್ನಡದ ಅಘನಾಶಿನಿಯ ಕಾಡನ್ನು ೨೦೧೧ರಲ್ಲಿಯೂ, ಶರಾವತಿಯ ಕೊಳ್ಳವನ್ನು ೨೦೧೯ರಲ್ಲಿಯೂ ರಕ್ಷಿತ ನೆಲೆಗಳಾಗಿ ಘೋಷಿಸಿದರು.

ಹೆಸರಿನ ಅಸ್ಪಷ್ಟತೆಯಿಂದ ಆಗುವ ತೊಡಕು ಕಾವ್ಯಕ್ಕೆ ಮಾತ್ರ ಮೀಸಲಲ್ಲ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಕಪಿಗಳು ಸಾಲುಸಾಲಾಗಿ ಸತ್ತು, ಸುತ್ತಣ ಹಳ್ಳಿಗರಿಗೆ ಮಾರಕವಾದ ಜ್ವರವು ಬಂದಿತು. ಜನರು ಅದನ್ನು ಮಂಗನ ಕಾಯಿಲೆಯೆಂದರು. ಆ ಹೆಸರೇ ಉಳಿಯಿತು. ಸತ್ತವುಗಳಲ್ಲಿ ಮಂಗಗಳಿಗಿಂತ ಮುಸುವಗಳು ಕಡಿಮೆಯೇನೂ ಆಗಿರಲಿಲ್ಲ. ರೋಗವನ್ನು ಹರಡುವುದು ಇವೆರಡೂ ಅಲ್ಲ, ಉಣುಗು. ಕಪಿಯು ಮನುಷ್ಯನಂತೆಯೇ ಅದಕ್ಕೆ ಬಲಿಯಾಗತಕ್ಕ ಪ್ರಾಣಿ. ಹೆಸರು ಮಾತ್ರ ಸತ್ತ ಮಂಗದ ಮೇಲೆಯೇ ಅಪವಾದವನ್ನು ಹೊರಿಸಿದೆ.

ವಿಜಯಪುರದ ಸೀಮೆಗೆ ಸಂಬಂಧಿಸಿದ ಇನ್ನೊಂದು ಸಂಗತಿಯುಂಟು. ಟೊಪ್ಪಿಗೆಯ ಮಂಗವು ದಕ್ಷಿಣ ಭಾರತವನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. ಅದರ ಉತ್ತರದ ಎಲ್ಲೆಯನ್ನು ಹಿಂದೆ ತಪತೀ ಗೋದಾವರಿಗಳೆಂದು ಹೇಳುತ್ತಿದ್ದರು. ಆಚೆಗೆ ರೀಸಸ್ ಮಂಗದ ರಾಜ್ಯ. ೨೦೧೧ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ರೀಸಸ್ ಮಂಗವು ಗೋದಾವರಿಯನ್ನು ದಾಟಿ ದಕ್ಷಿಣಕ್ಕೆ ವ್ಯಾಪಿಸುತ್ತಿರುವುದನ್ನೂ, ಅದು ಬಂದೆಡೆಯಲ್ಲಿ ಟೊಪ್ಪಿಗೆಯ ಮಂಗವು ಹಿಂದೆ ಸರಿಯುತ್ತಿರುವುದನ್ನೂ ತೋರಿಸಿತು. ಭೀಮಾ ಕೃಷ್ಣೆಗಳ ನಡುವಣ ಈ ಬಯಲು ಆ ಚಲನೆಯ ಮುಂದಣ ನೆಲ. ರೀಸಸ್ ಮಂಗಕ್ಕೆ ಬೇರೆಯಾದ ಕನ್ನಡ ಹೆಸರು ಬಳಕೆಯಲ್ಲಿ ನಿಂತಿಲ್ಲ. ಸ್ಟೇಷನ್ ರಸ್ತೆಯಲ್ಲಿ ಅದು ಬಂದು ಕುಳಿತರೂ ಮಂಗ್ಯಾ ಎಂದೇ ಕರೆಸಿಕೊಳ್ಳುವುದು. ಗುರುತಿಸುವುದು ಕಷ್ಟವಲ್ಲ. ನೆತ್ತಿಯಲ್ಲಿ ಟೊಪ್ಪಿಗೆಯ ಸುಳಿಯಿಲ್ಲ, ಸೊಂಟದ ಕೆಳಗೆ ಕಿತ್ತಳೆಯ ಛಾಯೆಯುಂಟು, ಬಾಲವು ಮೈಯ ಅರ್ಧದಷ್ಟು ಮಾತ್ರ. ಟೊಪ್ಪಿಗೆಯ ಮಂಗದ ಬಾಲವಾದರೋ ಮೈಯಷ್ಟೇ ಉದ್ದ.